ಕೇದಾರಯಾತ್ರೆಯ ಉಡುಗೆ: ಕಂಬಳಿಯಿಂದ ಸಾಫ್ಟ್‌ಶೆಲ್ ಜಾಕೆಟ್‌ವರೆಗೆ

ಕನ್ನಡ ನಾಡಿನ ಶಿವಭಕ್ತರಿಗೆ ಕೇದಾರವು ಪರಸ್ಥಳವೆನಿಸಿದ್ದಿಲ್ಲ. ಪಂಚಪೀಠಗಳಲ್ಲಿ ಒಂದೆಂದು ಅದನ್ನು ಮನ್ನಿಸುವ ಪರಂಪರೆ ನಮ್ಮಲ್ಲಿದೆ. ಅಲ್ಲಿಯ ರಾವಲ್ ಪದವಿಯನ್ನು ದಕ್ಷಿಣದ ವೀರಶೈವ ಜಂಗಮ ಪರಂಪರೆಯವರೇ ಅಲಂಕರಿಸುತ್ತ ಬಂದಿದ್ದಾರೆ. ಹಿಮ ಬೀಳುವ ತಿಂಗಳುಗಳಲ್ಲಿ ದೇವಾಲಯದ ಬಾಗಿಲು ಮುಚ್ಚಿ ಪೂಜೆಯು ಊಖೀಮಠಕ್ಕೆ ಇಳಿಯುತ್ತದೆ. ಮರಳಿ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖೀಮಠದಲ್ಲಿಯೇ ಪ್ರಕಟಿಸುವ ವಾಡಿಕೆ ಇದೆ. ಆ ಸುದ್ದಿ ಬಂದೊಡನೆ ನಮ್ಮ ಕಡೆಯ ಹಳ್ಳಿಗಳಲ್ಲಿ ಯಾತ್ರೆಯ ಮಾತುಕತೆ ಆರಂಭವಾಗುತ್ತದೆ. ಯಾವ ರೈಲು, ಎಷ್ಟು ದಿನ, ಬುತ್ತಿಗೆ ಎಷ್ಟು ಕಟಕರೊಟ್ಟಿ, ಶೇಂಗಾ ಚಟ್ನಿ ಎಷ್ಟು ಎಂಬುದೆಲ್ಲ ಸಾಂಗವಾಗಿ ಚರ್ಚೆಯಾಗುತ್ತದೆ. ಮೈಮೇಲೆ ಏನು ಧರಿಸಬೇಕೆಂಬ ಮಾತು ಮಾತ್ರ ‘ಒಂದು ಸ್ವೆಟರ್, ಒಂದು ಶಾಲು ಇದ್ದರೆ ಸಾಕು’ ಎಂಬಲ್ಲಿಗೆ ಮುಗಿದುಹೋಗುತ್ತದೆ.

ಗದಗ ತಾಲ್ಲೂಕಿನ ಅಂತೂರ-ಬೆಂತೂರ ಜೋಡಿ ಗ್ರಾಮಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎರೆಭೂಮಿಯ ಸೀಮೆ ಅದು. ಹತ್ತಿ, ಕಡಲೆ, ಬಿಳಿಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ ಒಕ್ಕಲುತನದ ಮನೆಗಳು. ಅಲ್ಲಿಯ ಚಳಿಯೆಂದರೆ ಮಾರ್ಗಶಿರ-ಪುಷ್ಯದ ಬೆಳಗಿನ ಜಾವದ ಚಳಿ. ಹೊತ್ತು ಏರಿದಂತೆ ಅದು ಕರಗಿಹೋಗುತ್ತದೆ. ಇಂಥ ಸೀಮೆಯಲ್ಲಿ ಅರವತ್ತು ವರ್ಷ ಬಾಳಿದ ಶರೀರವು ಒಂದೇ ವಾರದೊಳಗೆ ಹಿಮಾಲಯದ ಗಾಳಿಗೆ ಎದೆಯೊಡ್ಡಬೇಕಾಗುತ್ತದೆ. ಯಾತ್ರೆಗೆ ಹೊರಡುವವರಲ್ಲಿ ಬಹುಮಂದಿ ಬಾಳಿನ ಕರ್ತವ್ಯಗಳನ್ನು ಮುಗಿಸಿದ ಹಿರಿಯರೇ ಎಂಬುದನ್ನು ನೆನೆದರೆ, ಉಡುಗೆಯ ವಿಚಾರವು ಶೋಕಿಯ ವಿಚಾರವಲ್ಲ, ಪ್ರಾಣದ ವಿಚಾರ ಎಂಬುದು ತಾನೇ ತಿಳಿಯುತ್ತದೆ.

ಲೆಕ್ಕವನ್ನು ನೋಡೋಣ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ನಡಿಗೆಯು ಆರಂಭವಾಗುವ ಗೌರೀಕುಂಡ ಸುಮಾರು 2,000 ಮೀಟರ್. ಕೇದಾರನಾಥ ದೇವಾಲಯ 3,583 ಮೀಟರ್. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಎಂದರೆ ಒಂದೇ ದಿನದ ನಡಿಗೆಯಲ್ಲಿ ಹತ್ತು ಡಿಗ್ರಿ ಚಳಿಯನ್ನು ನಾವು ಏರಿಕೊಂಡು ಹೋಗುತ್ತೇವೆ. ಗಾಳಿ ಬೀಸಿದರಂತೂ ಕೇಳುವುದೇ ಬೇಡ. ಉಷ್ಣತೆ 5 ಡಿಗ್ರಿ ಇದ್ದು, ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಇದ್ದರೆ ತೆರೆದ ಚರ್ಮಕ್ಕೆ ಅದು ಸೊನ್ನೆ ಡಿಗ್ರಿಯಂತೆ ತಾಗುತ್ತದೆ. ಇದಕ್ಕೆ ಬೆವರು ಮಳೆಗಳ ತೇವವೂ ಸೇರಿತೆಂದರೆ ಕಷ್ಟ ಇಮ್ಮಡಿಸುತ್ತದೆ; ನಿಂತ ಗಾಳಿಗಿಂತ ನೀರು ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶರೀರದ ಕಾವನ್ನು ಎಳೆದೊಯ್ಯುತ್ತದೆ.

2013ರ ಜೂನ್ ತಿಂಗಳಿನ ಜಲಪ್ರಳಯವನ್ನು ಮರೆತವರಾರು? ಆ ಮಹಾಪೂರದಲ್ಲಿ ರಾಮಬಾಡಾ ಎಂಬ ನಡುದಾರಿಯ ನೆಲೆಯೇ ಕೊಚ್ಚಿಹೋಯಿತು. ಹಳೆಯ 14 ಕಿಲೋಮೀಟರ್ ದಾರಿಯ ಬದಲು ಈಗ ಜಂಗಲ್‌ಚಟ್ಟಿ, ಭೀಮಬಲಿ, ಲಿಂಚೌಲಿಗಳ ಮೂಲಕ ಸುಮಾರು 16 ಕಿಲೋಮೀಟರ್ ನಡೆಯಬೇಕು. 2024ರ ಜುಲೈ 31ರ ರಾತ್ರಿ ಮೇಘಸ್ಫೋಟವಾಗಿ ಈ ದಾರಿಯೂ ಹಲವೆಡೆ ಕುಸಿದು ಯಾತ್ರಿಕರು ನಡುವೆ ಸಿಲುಕಿಕೊಂಡರು. ಅಂಥ ರಾತ್ರಿಯಲ್ಲಿ ಯಾತ್ರಿಕನಿಗೆ ಆಸರೆಯಾಗುವುದು ಕೋಣೆಯಲ್ಲಿ ಬಿಟ್ಟುಬಂದ ಪೆಟ್ಟಿಗೆಯಲ್ಲಿರುವ ರಗ್ಗಲ್ಲ, ಮೈಮೇಲೆ ಇರುವ ಬಟ್ಟೆ.

ಹತ್ತಿಯ ನಾಡಿನವರಾದ ನಾವು ಹತ್ತಿಯನ್ನು ದೂರುವ ಪ್ರಸಂಗ ಬಂದಿದೆ. ಗದಗ ಪೇಟೆಯನ್ನು ಬೆಳೆಸಿದ್ದೇ ಹತ್ತಿ. ನಮ್ಮ ಧೋತರ, ಅಂಗಿ, ರುಮಾಲು, ಸೀರೆಗಳೆಲ್ಲ ಅದರವೇ. ಬಿಸಿಲಿನ ಸೀಮೆಗೆ ಹತ್ತಿಯಂಥ ಉಡುಗೆ ಇನ್ನೊಂದಿಲ್ಲ. ಬೆವರನ್ನು ಹೀರಿ ಮೈಯನ್ನು ತಂಪಾಗಿಡುವುದೇ ಅದರ ಗುಣ. ಚಳಿಯ ಸೀಮೆಯಲ್ಲಿ ಆ ಗುಣವೇ ಅವಗುಣವಾಗುತ್ತದೆ. ಒದ್ದೆಯಾದ ಹತ್ತಿಬಟ್ಟೆ ಬೇಗ ಒಣಗದು, ಮೈಗೆ ಅಂಟಿಕೊಂಡು ಕಾವನ್ನು ಕದಿಯುತ್ತಲೇ ಇರುತ್ತದೆ. ಆದುದರಿಂದ ಕೇದಾರದ ದಾರಿಯಲ್ಲಿ ಮೈಗೆ ತಾಗುವ ಬಟ್ಟೆಯು ಹತ್ತಿಯದಾಗಿರಬಾರದು. ಇಲ್ಲೊಂದು ಕುತೂಹಲದ ಸಂಗತಿಯನ್ನೂ ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲಕ್ಕೆ ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟಿನ ತಜ್ಞರು ಉದ್ದನೆಯ ಎಳೆಯ ಹತ್ತಿಯನ್ನು ಅತಿ ದಟ್ಟವಾಗಿ ನೇಯ್ದು ‘ವೆಂಟೈಲ್’ ಎಂಬ ಬಟ್ಟೆಯನ್ನು ಸಿದ್ಧಗೊಳಿಸಿದರು. ಸಮುದ್ರಕ್ಕೆ ಬಿದ್ದ ವಿಮಾನ ಚಾಲಕರನ್ನು ಚಳಿಯಿಂದ ಕಾಪಾಡುವುದು ಅವರ ಉದ್ದೇಶವಾಗಿತ್ತು. ನೀರು ತಾಗಿದೊಡನೆ ಎಳೆಗಳು ಉಬ್ಬಿ ರಂಧ್ರಗಳನ್ನು ತಾವೇ ಮುಚ್ಚಿಕೊಳ್ಳುತ್ತಿದ್ದವು. ಹತ್ತಿ ಕೆಟ್ಟದ್ದಲ್ಲ, ಅದನ್ನು ಎಲ್ಲಿ, ಹೇಗೆ ಬಳಸಬೇಕೆಂಬ ವಿವೇಕ ಬೇಕು.

ಇದೇ ವಿವೇಕ ನಮ್ಮ ಕುರಿಗಾರರಿಗೆ ಶತಮಾನಗಳ ಹಿಂದೆಯೇ ಇತ್ತು. ದಖ್ಖನಿ ಕುರಿಯ ಕರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹುಣಸೆಬೀಜವನ್ನು ಅರೆದು ಕುದಿಸಿದ ಸರಿಯನ್ನು ಹಾಸಿನ ಎಳೆಗೆ ಹಚ್ಚಿ, ಕುಣಿಮಗ್ಗದಲ್ಲಿ ನೇಯ್ದ ಕಂಬಳಿಯ ವಿಚಾರವನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿ, ಚಿತ್ರದುರ್ಗ ಸೀಮೆಯ ಚಳ್ಳಕೆರೆಗಳು ಕಂಬಳಿಗೆ ಹೆಸರಾದವು. ಮಳೆ ಬಂದರೆ ಅದನ್ನೇ ಮಡಿಸಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಕುರಿಯ ಹಿಂದೆ ದಿನವಿಡೀ ನಿಲ್ಲುತ್ತಿದ್ದರು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮೈಗೆ ಹಸಿ ಎನಿಸುವುದಿಲ್ಲ. ಮಳೆಯ ಹನಿಯು ಕಂಬಳಿಯ ರೋಮಗಳ ಮೇಲೆಯೇ ಜಾರುತ್ತದೆ, ಗಾಳಿಯ ಬಿರುಸು ಮುರಿಯುತ್ತದೆ, ಒಳಗಿನ ಬೆವರಿನ ಆವಿಯು ಮಾತ್ರ ಹೊರಗೆ ಹೋಗುತ್ತದೆ. ಹೊರಗಿನದನ್ನು ತಡೆದು ಒಳಗಿನದನ್ನು ಬಿಡುವ ಈ ಗುಣವನ್ನೇ ಹಗುರವಾದ ಬಟ್ಟೆಯಲ್ಲಿ ತರಲು ಇಂದಿನ ವಸ್ತ್ರತಜ್ಞರು ಹೆಣಗಿದ್ದಾರೆ. ಕಂಬಳಿಯಲ್ಲಿರುವ ಕೊರತೆ ಎರಡೇ: ಭಾರ ಬಹಳ, ನೆನೆದ ಮೇಲಂತೂ ಹೊರಲಾಗದು, ಮತ್ತು ಕೋಲು ಹಿಡಿದು ಏರು ಹತ್ತುವವನ ಕೈಗಳಿಗೆ ಬಿಡುವು ಕೊಡದು. (ಅಗ್ಗದ ಪಾಣಿಪತ್ ರಗ್ಗುಗಳ ಹೊಡೆತಕ್ಕೆ ಕಂಬಳಿ ನೇಕಾರರ ಮಗ್ಗಗಳು ಒಂದೊಂದಾಗಿ ನಿಂತುಹೋದದ್ದು ಬೇರೆಯೇ ಒಂದು ದುಃಖದ ಕಥೆ, ಅದನ್ನು ಬರೆಯಲು ಪ್ರತ್ಯೇಕ ಲೇಖನವೇ ಬೇಕು.)

ಆ ಹೆಣಗಾಟದ ಒಂದು ಫಲವೇ ‘ಸಾಫ್ಟ್‌ಶೆಲ್ ಜಾಕೆಟ್’. ಮೆತ್ತನೆಯ ಕವಚ ಎಂದು ಅರ್ಥ. ಇದರ ಹೊರಮೈ ದಟ್ಟವಾಗಿ ನೇಯ್ದ ನೈಲಾನ್ ಅಥವಾ ಪಾಲಿಯೆಸ್ಟರ್. ಜೊತೆಗೆ ಹಿಗ್ಗುವ ಎಳೆಯೂ ಸೇರಿರುವುದರಿಂದ ಕೈ ಎತ್ತಿದರೆ, ಬಾಗಿದರೆ ಬಟ್ಟೆಯೂ ಕೂಡ ಬಾಗುತ್ತದೆ. ಒಳಮೈಯನ್ನು ಕೆಲವುದರಲ್ಲಿ ಉಜ್ಜಿ ನವಿರಾದ ರೋಮದಂತೆ ಮಾಡಿರುತ್ತಾರೆ. ಹೊರಮೈಗೆ ನೀರನ್ನು ಮುತ್ತಾಗಿ ಉರುಳಿಸುವ ಲೇಪವಿರುತ್ತದೆ. ಇದಕ್ಕಿಂತ ಹಿಂದಿನ ಗಟ್ಟಿ ಮಳೆಯಂಗಿಗಳಲ್ಲಿ ಬಟ್ಟೆಯ ನಡುವೆ ಸೂಕ್ಷ್ಮರಂಧ್ರಗಳ ಒಂದು ಪೊರೆ ಇರುತ್ತದೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬವರು ಕಂಡುಹಿಡಿದ ಹಿಗ್ಗಿಸಿದ ಟೆಫ್ಲಾನ್ ಪೊರೆಯೇ ಅವುಗಳಿಗೆ ಮೂಲ. ಅವು ಮಳೆಯನ್ನು ಪೂರ್ತಿ ತಡೆಯುತ್ತವೆ, ಆದರೆ ಏರುದಾರಿಯಲ್ಲಿ ಬೆವರುವವನ ಆವಿಯನ್ನು ಅಷ್ಟು ಬೇಗ ಹೊರಬಿಡವು. ಸಾಫ್ಟ್‌ಶೆಲ್ ಇದಕ್ಕೆ ತಿರುವು ಮುರುವು. ಆವಿಯನ್ನು ಸಲೀಸಾಗಿ ಬಿಡುತ್ತದೆ, ಗಾಳಿಯನ್ನು ಬಹುಮಟ್ಟಿಗೆ ತಡೆಯುತ್ತದೆ, ತುಂತುರು ಮಳೆಯನ್ನೂ ಹಿಮದ ಪುಡಿಯನ್ನೂ ಕೊಡವಿಬಿಡುತ್ತದೆ. ಆದರೆ ಸುರಿಮಳೆಯಲ್ಲಿ ಹೊಲಿಗೆಯ ಮೂಲಕ ನೀರು ಒಳಗೆ ಬಂದೇ ಬರುತ್ತದೆ. ಅಂಗಡಿಯವನು ‘ಇದೊಂದಿದ್ದರೆ ಮಳೆಗೂ ಸಾಕು, ಚಳಿಗೂ ಸಾಕು’ ಎಂದರೆ ನಂಬತಕ್ಕದ್ದಲ್ಲ. ಅದರೊಂದಿಗೆ ಹಗುರವಾದ ಮಳೆಯಂಗಿ ಚೀಲದಲ್ಲಿ ಇರಲೇಬೇಕು. ಆಷಾಢ-ಶ್ರಾವಣಗಳಲ್ಲಿ ಹೋಗುವವರಿಗಂತೂ ಮಳೆಯಂಗಿಯೇ ಮೊದಲು, ಜಾಕೆಟ್ ಆಮೇಲೆ.

ಕೊಳ್ಳುವಾಗ ನೋಡಬೇಕಾದುದನ್ನು ಹೇಳೋಣ. ಹುಬ್ಬಳ್ಳಿ, ಬೆಂಗಳೂರುಗಳ ಅಂಗಡಿಗಳಲ್ಲಿ ಸಾಫ್ಟ್‌ಶೆಲ್ ಎಂಬ ಹೆಸರಿನಲ್ಲಿ ಸ್ಪಂಜಿನಂಥ ದಪ್ಪ ಬಟ್ಟೆಯ ಭಾರದ ಜಾಕೆಟ್‌ಗಳೂ ಮಾರಾಟಕ್ಕಿರುತ್ತವೆ. ಮೋಟಾರ್‌ಸೈಕಲ್ ಸವಾರಿಗೆ ಅವು ಒಳ್ಳೆಯವು. ನಡೆಯುವವನಿಗೆ ಅವು ಬೆವರಿನ ಬುಟ್ಟಿ. ಕೈಯಲ್ಲಿ ಹಿಡಿದರೆ ಅರ್ಧ ಕೆ.ಜಿ.ಯ ಆಚೀಚೆ ಇರಬೇಕು, ಸುತ್ತಿದರೆ ಜೋಳಿಗೆಯ ಮೂಲೆಯಲ್ಲಿ ಅಡಗಬೇಕು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿರಿ: ಉಸಿರು ಸರಾಗವಾಗಿ ಆಚೆ ಹೋದರೆ ಗಾಳಿಯೂ ಸರಾಗವಾಗಿ ಈಚೆ ಬರುತ್ತದೆ, ಏನೂ ಹೋಗದಿದ್ದರೆ ಒಳಗೆ ಪೊರೆ ಇದೆಯೆಂದು ತಿಳಿಯಬೇಕು. ಸ್ವಲ್ಪ ತಿಣುಕಿ ಹೋಗುವಂಥದು ಏರುದಾರಿಯ ನಡಿಗೆಗೆ ಉತ್ತಮ. ತೋಳಿನ ಮೇಲೆ ನಾಲ್ಕು ಹನಿ ನೀರು ಬಿಟ್ಟರೆ ಹನಿಗಳು ಉರುಳಬೇಕು, ಇಂಗಬಾರದು. ಅಳತೆಯನ್ನು ನೋಡುವಾಗ ಒಳಗೆ ಸ್ವೆಟರ್ ತೊಟ್ಟುಕೊಂಡೇ ನೋಡಬೇಕು, ಎರಡೂ ಕೈಗಳನ್ನು ಮೇಲೆತ್ತಿದಾಗ ಹೊಟ್ಟೆ ಕಾಣಬಾರದು. ಕಿವಿಯನ್ನು ಮುಚ್ಚುವ ಟೋಪಿ, ಮಣಿಕಟ್ಟಿನಲ್ಲಿ ಬಿಗಿಯುವ ಪಟ್ಟಿ, ಕೆಳ ಅಂಚಿನಲ್ಲಿ ಎಳೆಯುವ ದಾರ ಇದ್ದರೆ ಲೇಸು. ಕಂಕುಳಲ್ಲಿ ತೆರೆಯುವ ಜಿಪ್ ಇದ್ದರಂತೂ ಬಹಳ ಅನುಕೂಲ. ಬಣ್ಣದ ವಿಷಯದಲ್ಲಿ ನಮ್ಮ ಹಿರಿಯರು ಬೂದು, ಕಂದುಗಳನ್ನೇ ಆರಿಸುತ್ತಾರೆ. ಮಂಜು ಕವಿದ ದಾರಿಯಲ್ಲಿ ತಪ್ಪಿಹೋದವರನ್ನು ಹುಡುಕುವಾಗ ಕೆಂಪು, ಕಿತ್ತಳೆ, ಹಳದಿಗಳೇ ಕಣ್ಣಿಗೆ ಬೀಳುತ್ತವೆ. ಕಾವಿಯ ಬಣ್ಣ ಕಿತ್ತಳೆಗೆ ಹತ್ತಿರವೇ ಇದೆಯಲ್ಲ, ಸಂಕೋಚವೇಕೆ?

ಜಾಕೆಟ್ ಎಷ್ಟು ಒಳ್ಳೆಯದಾದರೂ ಅದು ಒಂದು ಪದರ ಮಾತ್ರ. ಚಳಿಯನ್ನು ತಡೆಯುವುದು ಬಟ್ಟೆಯಲ್ಲ, ಬಟ್ಟೆಬಟ್ಟೆಗಳ ನಡುವೆ ಸೆರೆಸಿಕ್ಕ ಗಾಳಿ. ಒಂದು ದಪ್ಪ ಕೋಟಿಗಿಂತ ಮೂರು ತೆಳ್ಳನೆಯ ಪದರಗಳು ಮೇಲು ಎನ್ನುವುದಕ್ಕೆ ಇದೇ ಕಾರಣ. ಬೇಕಾದಾಗ ಒಂದನ್ನು ಕಳಚಬಹುದು, ಒಂದನ್ನು ತೊಡಬಹುದು. ಇದು ಹೊಸ ಜ್ಞಾನವೂ ಅಲ್ಲ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯವರ ದೇಹವು 1999ರಲ್ಲಿ ದೊರೆತಾಗ ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಗಳ ಹಲವು ತೆಳು ಪದರಗಳೂ ಅವುಗಳ ಮೇಲೆ ದಟ್ಟ ನೇಯ್ಗೆಯ ಗ್ಯಾಬರ್ಡೀನ್ ಹೊದಿಕೆಯೂ ಇದ್ದವು. ಅದೇ ಮಾದರಿಯ ಬಟ್ಟೆಗಳನ್ನು ಹೊಸದಾಗಿ ಹೊಲಿಸಿ 2006ರಲ್ಲಿ ಗ್ರಹಾಂ ಹಾಯ್ಲ್ಯಾಂಡ್ ಎಂಬವರು ಅದೇ ಪರ್ವತದಲ್ಲಿ ತೊಟ್ಟು ನೋಡಿ, ಅವು ಹಗುರವೂ ಹಿತವೂ ಆಗಿವೆಯೆಂದು ಕಂಡುಕೊಂಡರು.

ಮೊದಲ ಪದರವು ಮೈಗೆ ಅಂಟಿದಂತಿರುವ ತೆಳು ಉಣ್ಣೆಯ ಅಥವಾ ಪಾಲಿಯೆಸ್ಟರಿನ ಬನಿಯನ್. ಪಾಲಿಯೆಸ್ಟರ್ ಎಳೆಯು ತನ್ನ ತೂಕದ ಶೇಕಡಾ ಒಂದರಷ್ಟೂ ನೀರನ್ನು ಹೀರದ ಕಾರಣ ಬೇಗ ಒಣಗುತ್ತದೆ. ಉಣ್ಣೆಯಾದರೆ ಮೆರಿನೋ ಜಾತಿಯ ನವಿರು ಉಣ್ಣೆಯೇ ಆಗಬೇಕು; ನಮ್ಮ ದಖ್ಖನಿ ಉಣ್ಣೆ ಚರ್ಮವನ್ನು ಚುಚ್ಚುತ್ತದೆ. ಇಲ್ಲಿ ನಮ್ಮ ಸಮಾಜದ ಯಾತ್ರಿಕರಿಗೇ ವಿಶೇಷವಾದ ಒಂದು ಮಾತಿದೆ. ಎದೆಯ ಮೇಲಿನ ಇಷ್ಟಲಿಂಗವು ಈ ಮೊದಲ ಪದರದ ಒಳಗೆ ಇರುತ್ತದೆ. ಬೆಳ್ಳಿಯ ಕರಡಿಗೆಯಾದರೆ ಆ ಚಳಿಯಲ್ಲಿ ಲೋಹವು ಎದೆಗೆ ಮಂಜುಗಡ್ಡೆಯಂತೆ ತಾಗುತ್ತದೆ. ಅದರ ಮೇಲೆ ಬೆನ್ನುಚೀಲದ ಎದೆಪಟ್ಟಿ ಬಿಗಿದರೆ ನೋವೂ ಆಗುತ್ತದೆ. ಯಾತ್ರೆಯ ದಿನಗಳ ಮಟ್ಟಿಗೆ ಕರಡಿಗೆಯ ಬದಲು ಮೆತ್ತನೆಯ ವಸ್ತ್ರದಲ್ಲಿ ಕಟ್ಟಿ ಧರಿಸುವುದು ಅನುಕೂಲಕರ. ಬನಿಯನ್ನಿಗೂ ನಡುವಿನ ಸ್ವೆಟರಿಗೂ ಮುಂದೆ ಜಿಪ್ ಅಥವಾ ಗುಂಡಿಗಳು ಇರಲಿ. ಬೆಳಗಿನ ಪೂಜೆಗಾಗಿ ಎಲ್ಲವನ್ನೂ ತಲೆಯ ಮೇಲಿಂದ ಕಳಚಿ ಬರಿಮೈಯಲ್ಲಿ ನಡುಗುವ ಅಗತ್ಯ ಬೀಳುವುದಿಲ್ಲ.

ನಡುವಿನ ಪದರವು ಕಾವನ್ನು ಹಿಡಿದಿಡುವಂಥದು: ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್ ಅಂಗಿ. ಅದರ ಮೇಲೆ ಸಾಫ್ಟ್‌ಶೆಲ್. ಇವಲ್ಲದೆ, ನಿಂತಾಗ ಕುಳಿತಾಗ ಎಲ್ಲದರ ಮೇಲೆ ಹಾಕಿಕೊಳ್ಳಲು ಒಂದು ಹತ್ತಿಯಂತುಬ್ಬಿದ ದೊಡ್ಡ ಜಾಕೆಟ್ ಬೇಕು. ಪೇಟೆಯಲ್ಲಿ ಬಹಳವಾಗಿ ಹೊಗಳುವ ‘ಡೌನ್’ ಜಾಕೆಟ್ ಎಂದರೆ ಬಾತು, ಹೆಬ್ಬಾತುಗಳ ಎದೆಯ ಪುಕ್ಕ ತುಂಬಿದ್ದು. ಬಹುತೇಕ ಅದು ಮಾಂಸಕ್ಕಾಗಿ ಕೊಂದ ಹಕ್ಕಿಗಳದು ಎಂಬುದು ನಮ್ಮ ಎಷ್ಟೋ ಮನೆಗಳಿಗೆ ತಿಳಿಯದು. ದಯೆಯನ್ನು ಧರ್ಮದ ಮೂಲವೆಂದು ನಂಬಿದವರು ಪುಕ್ಕವನ್ನು ಹೊದ್ದು ಕೇದಾರಕ್ಕೆ ಹೋಗುವುದು ನಮಗೆ ಸರಿಕಾಣದು. ಅದೃಷ್ಟಕ್ಕೆ ಇಲ್ಲಿ ದಯೆಯೂ ಪ್ರಯೋಜನವೂ ಒಂದೇ ದಾರಿಯಲ್ಲಿವೆ: ಪುಕ್ಕವು ಒದ್ದೆಯಾದರೆ ಮುದ್ದೆಯಾಗಿ ಕಾವು ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಕೃತಕ ಎಳೆ ತುಂಬಿದ ಜಾಕೆಟ್ ಒದ್ದೆಯಾದರೂ ಸ್ವಲ್ಪ ಕಾವನ್ನು ಉಳಿಸಿಕೊಳ್ಳುತ್ತದೆ. ಕೇದಾರದಂಥ ಮಳೆಯ ಕಣಿವೆಗೆ ಎರಡನೆಯದೇ ಯೋಗ್ಯ.

ತಾಯಂದಿರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಇಳಕಲ್ ಸೀರೆಯ ಉದ್ದ ಹೇಳತಕ್ಕದ್ದೇನಿದೆ! ಅದರ ನಿರಿಗೆಯ ಅಂಚು ದಾರಿಯ ಕೆಸರನ್ನೂ ನೀರನ್ನೂ ಹೀರುತ್ತ ಹೀರುತ್ತ ಮೊಣಕಾಲಿನವರೆಗೆ ಹಸಿ ಏರಿಸುತ್ತದೆ. ಮೇಲೆ ಎಂಥ ಜಾಕೆಟ್ ಇದ್ದರೇನು, ಕಾಲು ನಡುಗತೊಡಗಿದರೆ ಮೈಯೆಲ್ಲ ನಡುಗುತ್ತದೆ. ನಡಿಗೆಯ ದಿನ ಚೂಡಿದಾರ ಅಥವಾ ಪ್ಯಾಂಟು ತೊಟ್ಟರೆ ಯಾವ ಸಂಪ್ರದಾಯಕ್ಕೂ ಚ್ಯುತಿ ಬಾರದು. ಸೀರೆಯನ್ನು ಬಿಡಲು ಮನಸ್ಸೊಪ್ಪದ ಅಜ್ಜಿಯರು ಒಳಗೆ ಉಣ್ಣೆಯ ಕಾಲುಚೀಲದಂಥ ಥರ್ಮಲ್ ತೊಟ್ಟು, ಬೇಗ ಒಣಗುವ ತೆಳು ಸೀರೆಯನ್ನು ಗಿಡ್ಡವಾಗಿ ಉಟ್ಟು, ದರ್ಶನಕ್ಕೆಂದು ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಬೇಕು. ಧೋತರದವರಿಗೂ ಇದೇ ಮಾತು.

ಇನ್ನು ದಾರಿಯಲ್ಲಿ ಪದರಗಳನ್ನು ಬಳಸುವ ಕ್ರಮ. ಗೌರೀಕುಂಡದಲ್ಲಿ ನಸುಕಿನಲ್ಲಿ ಹೊರಡುವಾಗ ಎಲ್ಲವನ್ನೂ ತೊಟ್ಟು ಬೆಚ್ಚಗೆ ಹೊರಡುವುದು ಸಹಜವಾದ ಆಸೆ. ಹತ್ತು ನಿಮಿಷದೊಳಗೆ ಅದು ಬೆವರಾಗಿ ಬನಿಯನ್ನನ್ನು ತೋಯಿಸುತ್ತದೆ. ಮುಂದೆ ಲಿಂಚೌಲಿಯ ತೆರೆದ ಏರಿನಲ್ಲಿ ಗಾಳಿ ತಾಗಿದಾಗ ಆ ಬೆವರೇ ವೈರಿಯಾಗುತ್ತದೆ. ಹೊರಡುವಾಗ ತುಸು ಚಳಿ ಎನಿಸಬೇಕು. ಬನಿಯನ್ನಿನ ಮೇಲೆ ನೇರವಾಗಿ ಸಾಫ್ಟ್‌ಶೆಲ್ ತೊಟ್ಟು, ಸ್ವೆಟರನ್ನು ಚೀಲದಲ್ಲಿಟ್ಟು ನಡೆದರೆ ಬಹುಮಂದಿಗೆ ಅಷ್ಟೇ ಸಾಕಾಗುತ್ತದೆ. ಬೆವರು ಮೂಡುವ ಮೊದಲೇ ಜಿಪ್ ಇಳಿಸಬೇಕು; ಚಹಕ್ಕೆ ಕುಳಿತೊಡನೆ, ಚಳಿ ಹತ್ತುವ ಮೊದಲೇ, ಮೇಲೊಂದು ಪದರ ಹಾಕಿಕೊಳ್ಳಬೇಕು. ಕುದುರೆಯ ಮೇಲೆ, ಡೋಲಿಯಲ್ಲಿ ಹೋಗುವವರ ಲೆಕ್ಕವೇ ಬೇರೆ. ಅವರ ಶರೀರ ದುಡಿಯುವುದಿಲ್ಲ, ಕಾವು ಹುಟ್ಟುವುದಿಲ್ಲ. ಪಕ್ಕದಲ್ಲಿ ನಡೆಯುವ ಮಗ ಬೆವರುತ್ತಿರುವಾಗ ಕುದುರೆಯ ಮೇಲಿನ ತಂದೆ ಮರಗಟ್ಟುತ್ತಿರಬಹುದು. ಅವರಿಗೆ ಎಲ್ಲ ಪದರಗಳೂ ಬೇಕು, ಕೈಚೀಲ ಕಾಲುಚೀಲಗಳೂ ಬೇಕು.

ನಮ್ಮ ಎಣಿಕೆಯಲ್ಲಿ ಈ ಯಾತ್ರೆಯ ಅತ್ಯಂತ ಚಳಿಯ ಗಳಿಗೆ ದಾರಿಯಲ್ಲಿಲ್ಲ, ದರ್ಶನದ ಸರದಿಯ ಸಾಲಿನಲ್ಲಿದೆ. ಬೆಳಗಿನ ಜಾವದಲ್ಲಿ, ಸೊನ್ನೆಯ ಸಮೀಪದ ಚಳಿಯಲ್ಲಿ, ಗಂಟೆಗಟ್ಟಲೆ ಅಲುಗಾಡದೆ ನಿಲ್ಲಬೇಕು. ಕೊನೆಗೆ ಪಾದರಕ್ಷೆ ಬಿಟ್ಟು ಕಲ್ಲುಹಾಸಿನ ಮೇಲೆ ನಡೆಯಬೇಕು. ಆ ದೊಡ್ಡ ಜಾಕೆಟ್ ಇರುವುದೇ ಈ ಗಳಿಗೆಗಾಗಿ. ಒಣಗಿದ ಉಣ್ಣೆಯ ಕಾಲುಚೀಲ ಎರಡು ಜೊತೆ ಇರಲಿ, ಸಾಲಿನಲ್ಲಿ ಒಂದು ಒದ್ದೆಯಾದರೆ ಹೊರಬಂದೊಡನೆ ಇನ್ನೊಂದು.

ಸಂಗಡಿಗರಲ್ಲಿ ಯಾರಾದರೂ ಬಿಡದೆ ನಡುಗತೊಡಗಿದರೆ, ಮಾತು ತೊದಲಿದರೆ, ಗುಂಡಿ ಹಾಕಿಕೊಳ್ಳಲು ಬೆರಳು ಬಾರದಾದರೆ ಅದನ್ನು ಆಯಾಸವೆಂದು ತಳ್ಳಿಹಾಕಕೂಡದು. ಒಳಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಇಳಿಯುತ್ತಿರುವ ಸೂಚನೆ ಅದು. ಗಾಳಿಯಿಂದ ಮರೆಗೆ ಒಯ್ದು, ಒದ್ದೆ ಬಟ್ಟೆಯನ್ನು ಪೂರ್ತಿ ತೆಗೆದು ಒಣಬಟ್ಟೆ ತೊಡಿಸಿ, ತಲೆ ಕಿವಿ ಮುಚ್ಚಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು, ಕೈಕಾಲು ತಿಕ್ಕಬಾರದು. ನಡುಕವು ತಾನೇ ನಿಂತು ಮಂಪರು ಕವಿದರೆ ಸುಧಾರಿಸಿತೆಂದು ಭಾವಿಸದೆ ಕೂಡಲೇ ವೈದ್ಯರಲ್ಲಿಗೆ ಸಾಗಿಸಬೇಕು. ತಲೆನೋವು, ವಾಂತಿ, ಉಸಿರುಗಟ್ಟುವಿಕೆಗಳು ಎತ್ತರದ ಬಾಧೆಗಳು. ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರನೆಯ ಎರಡು ಭಾಗ ಮಾತ್ರ. ಅದಕ್ಕೆ ಯಾವ ಜಾಕೆಟ್ಟೂ ಮದ್ದಲ್ಲ, ಕೆಳಗೆ ಇಳಿಯುವುದೇ ಮದ್ದು.

ಯಾತ್ರೆಯಿಂದ ಮರಳಿದ ಮೇಲೆ ಜಾಕೆಟ್ಟನ್ನು ಟ್ರಂಕಿನಲ್ಲಿಟ್ಟು ನುಸಿಗುಳಿಗೆ ಹಾಕುವುದು ನಮ್ಮ ಮನೆಗಳ ಪದ್ಧತಿ. ಹಾಗೆ ಮಾಡಬೇಕಾಗಿಲ್ಲ. ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಗದುಗಿಗೆ ಬೈಕಿನಲ್ಲಿ ಹೋಗುವ ಮಗನಿಗೂ, ಹಿಂಗಾರಿ ಜೋಳದ ಹೊಲದಲ್ಲಿ ಹಕ್ಕಿ ಕಾಯುವ ತಂದೆಗೂ ಅದು ಒಪ್ಪುತ್ತದೆ. ಕಪ್ಪತಗುಡ್ಡದ ಕಡೆಯ ಚಳಿಗಾಲದ ಗಾಳಿಗೆ ಅದಕ್ಕಿಂತ ಹೆಚ್ಚಿನ ಹೊದಿಕೆ ಬೇಡ. ಒಗೆಯುವಾಗ ಬಟ್ಟೆಯನ್ನು ಮೆದುಗೊಳಿಸುವ ದ್ರವವನ್ನು ಹಾಕಬಾರದು, ಕಲ್ಲಿಗೆ ಬಡಿಯಲೂ ಬಾರದು. ಎರಡರಿಂದಲೂ ನೀರು ಉರುಳಿಸುವ ಲೇಪ ಹಾಳಾಗುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪವೇ ಸೋಪಿನಿಂದ ಕೈಯಲ್ಲಿ ಹಿಸುಕಿ, ಸೋಪಿನ ನೊರೆ ಚೂರೂ ಉಳಿಯದಂತೆ ಜಾಲಾಡಿ, ಹಿಂಡದೆ ನೆರಳಿನಲ್ಲಿ ನೇತುಹಾಕಬೇಕು. ಕೆಲವು ಸಲ ಒಗೆದ ಮೇಲೆ ಹನಿಗಳು ಉರುಳುವುದನ್ನು ನಿಲ್ಲಿಸಿದರೆ, ಒಳಗೆ ಹಚ್ಚಿದ ಚೀಟಿಯಲ್ಲಿ ಇಸ್ತ್ರಿಗೆ ಅನುಮತಿ ಇದೆಯೇ ಎಂದು ನೋಡಿಕೊಂಡು, ಮೇಲೊಂದು ತೆಳು ಬಟ್ಟೆ ಹಾಸಿ ಅತಿ ಕಡಿಮೆ ಕಾವಿನ ಇಸ್ತ್ರಿಯನ್ನು ಆಡಿಸಿದರೆ ಲೇಪವು ಬಹುಮಟ್ಟಿಗೆ ಮತ್ತೆ ಚೇತರಿಸಿಕೊಳ್ಳುತ್ತದೆ; ಅದೂ ಫಲಿಸದಿದ್ದರೆ ಮೇಲಿಂದ ಸಿಂಪಡಿಸುವ ಲೇಪದ ಶೀಶೆಗಳು ಕ್ರೀಡಾಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುತ್ತವೆ.